ಒಮೇಗಾ ನಮಃ

ಗೋತ್ರ, ಸೂತ್ರ, ಪ್ರವರ, ಮಠ, ಮತ ಇವೆಲ್ಲವೂ ನನಗೆ ಹುಟ್ಟಿನೊಡನೆಯೇ ಬಂದವು. ಇವುಗಳಲ್ಲಿ ಯಾವೊಂದಕ್ಕೂ ನಾನು ಅರ್ಜಿ ಹಾಕಿದವನಲ್ಲ, ನನ್ನ ಒಪ್ಪಿಗೆಯನ್ನು ಯಾರೂ ಕೇಳಿದವರೂ ಅಲ್ಲ. ಹೀಗಿರಲು, ಪ್ರಾಪ್ತವಯಸ್ಕನಾದ ಮೇಲೆ, ಬುದ್ಧಿ ಸ್ವಸ್ಥಾನದಲ್ಲಿದ್ದಾಗಲೇ, ಕಂಠಕೌಪೀನವನ್ನು ಬಿಗಿದುಕೊಂಡು ಹೋಗಿ, ಸಾಲಿನಲ್ಲಿ ನಿಂತು, ಶುಲ್ಕ ತೆತ್ತು, ಪರದೇಶದಲ್ಲಿ, ನನಗೆ ಓದಲು ಬಾರದ ಲಿಪಿಯ ಮೂರು ಅಕ್ಷರಗಳ ಒಂದು ಕುಲಕ್ಕೆ ಸೇರಿಕೊಳ್ಳಲು ನಾನು ಪಟ್ಟ ಪಾಡನ್ನು ನೆನೆದಾಗ ಈಗಲೂ ನಾಚಿಕೆಯಾಗುತ್ತದೆ. ನಾಚಿಕೆ ಎಷ್ಟೋ ಸಂತೋಷವೂ ಅಷ್ಟೇ ಆಗುತ್ತದೆ ಎಂಬುದನ್ನು ಮುಚ್ಚಿಟ್ಟರೆ ಮಾತ್ರ ಅನೃತದೋಷ ಬಂದೀತು.

ಐವತ್ತರ ದಶಕದ ಆದಿಭಾಗದಲ್ಲಿ ಇಂಜಿನಿಯರಿಂಗ್ ವ್ಯಾಸಂಗಕ್ಕೆಂದು ನಾನು ಹೋದ ವಿಶ್ವವಿದ್ಯಾಲಯವಿದ್ದುದು ಅಮೆರಿಕದ ಮಧ್ಯಪಶ್ಚಿಮ ಪ್ರಾಂತದಲ್ಲಿ. ಆ ಊರಿನ ಅತ್ಯಂತ ಸುಂದರವಾದ ಬೀದಿಯ ಇಕ್ಕೆಲಗಳಲ್ಲಿ ಬಿಳಿಯ ಕಂಬಗಳ ಮುಖಮಂಟಪವುಳ್ಳ ಮಹಡಿ ಮನೆಗಳು ನಿಂತಿದ್ದವು. ಒಂದೊಂದರ ನೆತ್ತಿಯ ಮೇಲೂ ಎರಡೋ ಮೂರೋ ಗ್ರೀಕ್ ಅಕ್ಷರಗಳು. ಈ ಸಾಲಿನವು ಫ್ರಟರ್ನಿಟಿಗಳೆಂಬ ಹುಡುಗರ ಭ್ರಾತೃಸಂಘಗಳೆಂದೂ, ಎದುರು ಸಾಲಿನವು ಸೊರಾರಿಟಿಗಳೆಂಬ ಹುಡುಗಿಯರ ಸಂಘಗಳೆಂದೂ, ಎದುರು ಸಾಲನ್ನು ನೋಡಿಕೊಂಡಿರಬಹುದೆಂಬ ಒಂದೇ ಆಸೆಯಿಂದ ಈ ಸಾಲಿಗೆ ಬಂದು ಸೇರುವವರು ಅನೇಕರೆಂದೂ ತಿಳಿದುಕೊಳ್ಳಲು ನನಗೆ ಬಹಳ ಕಾಲ ಹಿಡಿಯಲಿಲ್ಲ. ಮನುಷ್ಯರೆಲ್ಲರೂ ಸಮಾನರೆಂದು 1776ರ ಜುಲೈ ತಿಂಗಳಲ್ಲಿ ಜಗತ್ತಿಗೇ ಸಾರಿದ ದೇಶವಷ್ಟೆ ಅದು? ಅದೇ ವರ್ಷ ಡಿಸೆಂಬರ್ 5ರಂದು ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಒಟ್ಟಿಗೆ ಸೇರಿ, ಹೊರಗಿನವರಿಗೆ ತಿಳಿಯದ ಹಸ್ತಲಾಘವವೊಂದನ್ನು ಕಲ್ಪಿಸಿಕೊಂಡು, ಫೈ ಬೀಟಾ ಕಪ್ಪಾ ಎಂಬ ಸಂಘವನ್ನು ಸ್ಥಾಪಿಸಿದರು. ಸಮಾನತೆಯನ್ನು ಐದು ತಿಂಗಳಿಗಿಂತ ಹೆಚ್ಚು ಕಾಲ ಸಹಿಸುವುದು ಮನುಷ್ಯಸಾಧ್ಯವಲ್ಲವೆಂದು ಕಾಣುತ್ತದೆ. ಆ ಸಂಘ ಮುಂದೆ ಗೌಪ್ಯವನ್ನು ಬಿಟ್ಟು ವಿದ್ವಾಂಸರ ಮನ್ನಣೆಯ ಕೂಟವಾಯಿತು. ಅದರ ಗ್ರೀಕ್ ಅಕ್ಷರಗಳನ್ನೂ ಗುಟ್ಟನ್ನೂ ಉಳಿಸಿಕೊಂಡು, ವಿದ್ವತ್ತನ್ನು ಮಾತ್ರ ಕೈಬಿಟ್ಟು ಬೆಳೆದ ಸಂತತಿ ಅಪಾರ. ನಾನು ಮೋಹಗೊಂಡದ್ದು ಈ ಸಂತತಿಯ ಒಂದು ಶಾಖೆಗೆ. ಅದರ ಹೆಸರನ್ನು ಹೇಳುವುದಿಲ್ಲ. ಅದರ ಹಳೆಯ ಸದಸ್ಯರಲ್ಲಿ ವಕೀಲರು ಹೆಚ್ಚು.

ವರ್ಷಾರಂಭದಲ್ಲಿ ‘ರಷ್’ ಎಂಬುದೊಂದು ನಡೆಯುತ್ತದೆ. ನಮ್ಮ ಕಡೆಯ ವಧುಪರೀಕ್ಷೆಗೂ ಅದಕ್ಕೂ ಇರುವ ವ್ಯತ್ಯಾಸವೆಂದರೆ, ಅಲ್ಲಿ ನೋಡಿಸಿಕೊಳ್ಳುವವನೇ ಮನೆಮನೆಗೆ ನಡೆದುಕೊಂಡು ಹೋಗಬೇಕು, ಮತ್ತು ಉಪ್ಪಿಟ್ಟು ಕೇಸರಿಬಾತುಗಳ ಸ್ಥಾನದಲ್ಲಿ ನಿಂಬೆಯ ಪಾನಕ ಬಿಸ್ಕತ್ತುಗಳಿರುತ್ತವೆ. ಎದೆಗೆ ಹೆಸರಿನ ಚೀಟಿಯನ್ನು ಅಂಟಿಸಿಕೊಂಡು ನಾನು ಹತ್ತಿಳಿದ ಮನೆಗಳಲ್ಲೆಲ್ಲ, ನಿಮ್ಮೂರಿನಲ್ಲಿ ಹುಲಿಗಳಿವೆಯೆ ಎಂದು ಕೇಳಿದರು. ಮೊದಲ ಮನೆಯಲ್ಲಿ ಇಲ್ಲವೆಂದೆ. ನಡುವಿನ ಮನೆಗಳಲ್ಲಿ ಕಾಡಿನಲ್ಲಿವೆ ಎಂದೆ. ಕೊನೆಯ ಮನೆಯನ್ನು ತಲಪುವ ವೇಳೆಗೆ ಅವು ನಮ್ಮ ಹಿತ್ತಿಲಿಗೆ ನೀರು ಕುಡಿಯಲು ಬರತೊಡಗಿದ್ದವು. ಆ ಕೊನೆಯ ಮನೆಯವರೇ ನನಗೆ ‘ಬಿಡ್’ ಎಂಬ ಆಹ್ವಾನಪತ್ರವನ್ನು ಕಳುಹಿಸಿದರು. ನನ್ನ ವ್ಯಕ್ತಿತ್ವದ ಪ್ರಭಾವವೆಂದು ನಾನು ತಿಳಿದೆ. ಆ ಮನೆಯ ಹುಡುಗರ ಸರಾಸರಿ ಅಂಕಗಳು ಪಾತಾಳವನ್ನು ಮುಟ್ಟಿದ್ದವೆಂದೂ, ಅವು ಮೇಲೇಳದಿದ್ದರೆ ಸಂಘದ ವಿನೋದಕೂಟಗಳಿಗೆ ಡೀನರು ಬೀಗ ಹಾಕಿಸುವರೆಂದೂ, ಗಣಿತ ಬಲ್ಲ ಪ್ರಾಣಿಯೊಂದು ಅವರಿಗೆ ತುರ್ತಾಗಿ ಬೇಕಾಗಿತ್ತೆಂದೂ ತಿಳಿದದ್ದು ಆಮೇಲೆ.

ಬಿಡ್ ಸ್ವೀಕರಿಸಿದವನು ‘ಪ್ಲೆಜ್’ ಆಗುತ್ತಾನೆ. ಎಂದರೆ ಮನೆಯೊಳಗೆ ಬಂದಿದ್ದಾನೆ, ಆದರೆ ಮನೆಯವನಲ್ಲ. ಊರಿನಲ್ಲಿ ತಾನು ಕುಡಿದ ಲೋಟವನ್ನು ತಾನು ತೊಳೆದರಿಯದ ನಾನು, ಅಲ್ಲಿ ಹಿರಿಯ ಸೋದರರ ಬೂಟುಗಳಿಗೆ ಪಾಲಿಷ್ ಹಾಕಿದೆ, ಮೆಟ್ಟಿಲುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ, ಟೆಲಿಫೋನು ಬಡಿದುಕೊಂಡಾಗಲೆಲ್ಲ ಓಡಿದೆ. ಅಮ್ಮನಿಗೆ ಬರೆದ ಕಾಗದಗಳಲ್ಲಿ ಇದನ್ನು ‘ಸಮಾಜಸೇವೆ’ ಎಂದು ಕರೆದೆ. ಇವೆಲ್ಲ ಹುಡುಗಾಟಿಕೆಯೆಂದು ಹೇಳುವವರ ಮೇಲೆ ನನಗೆ ಸ್ವಲ್ಪ ಕೋಪವುಂಟು. 1873ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕತ್ತಲೆಯಲ್ಲಿ ಹೋದ ಹೊಸ ಸೇರ್ಪಡೆಯ ಹುಡುಗನೊಬ್ಬ ಕಮರಿಗೆ ಬಿದ್ದು ಸತ್ತ. ಇಂಥ ಪೀಡನೆಯ ವಿರುದ್ಧ ನ್ಯೂಯಾರ್ಕ್ ರಾಜ್ಯ 1894ರಲ್ಲಿಯೇ ಕಾನೂನು ಮಾಡಿತು. ಆ ಬಳಿಕವೂ ಹುಡುಗರು ಸಾಯುತ್ತಲೇ ಬಂದಿದ್ದಾರೆ. ನನ್ನ ಪಾಲಿಗೆ ಬಂದದ್ದು ಒಂದು ಬೆಂಕಿಕಡ್ಡಿ ಮಾತ್ರ. ಆ ಕಡ್ಡಿಯ ವೃತ್ತಾಂತವನ್ನು ವಿಸ್ತರಿಸಿ ಹೇಳದೆ ನನ್ನಿಂದಿರಲಾಗದು.

ನಿಯಮ ಇದು: ಪ್ಲೆಜ್ ಆದವನು ಕಡ್ಡಿಯೊಂದನ್ನು ಗೀರಿ, ಎರಡು ಬೆರಳುಗಳ ನಡುವೆ ಹಿಡಿದು, ಅದು ಉರಿದು ಮುಗಿಯುವುದರೊಳಗಾಗಿ ಗ್ರೀಕ್ ಅಕ್ಷರಮಾಲೆಯ 24 ಅಕ್ಷರಗಳನ್ನೂ ತಪ್ಪಿಲ್ಲದೆ ಮೂರಾವೃತ್ತಿ ಒಪ್ಪಿಸಬೇಕು. ನನ್ನ ಜೊತೆಯ ಹುಡುಗರು ವಾರಗಟ್ಟಲೆ ಬೆರಳು ಸುಟ್ಟುಕೊಂಡು ಊದಿಕೊಳ್ಳುತ್ತಿದ್ದರು. ಆದರೆ ಬಾಲ್ಯದಲ್ಲಿ ಜಗಲಿಯ ಮೇಲೆ ತಾತನ ಬೆತ್ತದ ನೆರಳಿನಲ್ಲಿ ಕುಳಿತು, ಅರ್ಥದ ಗೊಡವೆಗೆ ಹೋಗದೆ, ಅಮರಕೋಶವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದವನನ್ನು ಈ ಇಪ್ಪತ್ತನಾಲ್ಕು ಅಕ್ಷರಗಳು ಏನು ಮಾಡಬಲ್ಲವು? ರಾತ್ರಿ ಹಾಸಿಗೆಯಲ್ಲಿ ಮಲಗಿ ಅವನ್ನು ಗುಣುಗುಣಿಸುತ್ತಿದ್ದಾಗ ನನಗೊಂದು ದಿವ್ಯದರ್ಶನವಾಯಿತು. ಆಲ್ಫಾ ಬೀಟಾ ಗ್ಯಾಮಾ ಡೆಲ್ಟಾ: ಎಂಟಕ್ಷರ, ಅನುಷ್ಟುಪ್ಪಿನ ಒಂದು ಪಾದ! ಎದ್ದು ಕುಳಿತೆ. ನಾಲ್ಕುನಾಲ್ಕು ಹೆಸರುಗಳಂತೆ ಒಡೆದರೆ ಆರು ಪಾದಗಳು, ಎಂದರೆ ಸರಿಯಾಗಿ ಒಂದೂವರೆ ಶ್ಲೋಕ. ಅಯೋಟಾ ಕಪ್ಪಾ ಲ್ಯಾಂಬ್ಡಾ ಮ್ಯೂ ಎಂಬುದೂ ತನಗೆ ತಾನೇ ಎಂಟಾಗಿ ನಿಂತಿತು. ನ್ಯೂ ಕ್ಸೈ ಒಮಿಕ್ರಾನ್ ಪೈ ಎಂಬಲ್ಲಿ ಎರಡಕ್ಷರ ಕಡಿಮೆ ಬಿತ್ತು; ಎರಡಕ್ಷರ ಕಡಿಮೆ ಬಿದ್ದಾಗ ಪೂರ್ವಿಕರು ಏನು ಮಾಡುತ್ತಿದ್ದರೋ ಅದನ್ನೇ ಮಾಡಿ, ಒಂದು ‘ಚೈವ’ವನ್ನು ಸೇರಿಸಿದೆ. ರೋ ಸಿಗ್ಮಾ ಟಾ ಉಪ್ಸಿಲಾನ್ ಎಂಬುದಕ್ಕೆ ಒಂದೇ ಅಕ್ಷರ ಸಾಲದು. ಅದಕ್ಕೆ ಒಂದು ‘ಚ’. ಕೊನೆಯ ಫೈ ಕೈ ಸೈ ಒಮೇಗಾ ಎಂಬ ಪಾದಕ್ಕೆ ‘ನಮಃ’ ಎಂದು ಸೇರಿಸಿದೊಡನೆ ಛಂದಸ್ಸೂ ತುಂಬಿತು, ಭಕ್ತಿಯೂ ತುಂಬಿತು. ಎಪ್ಸಿಲಾನಿನ ಪಾದವೊಂದರಲ್ಲಿ ಒಂದಕ್ಷರ ಹೆಚ್ಚಾಗಿ ಛಂದೋಭಂಗವಾದುದು ನಿಜ. ಅದನ್ನು ಆರ್ಷಪ್ರಯೋಗವೆಂದು ಮನ್ನಿಸಿದೆ.

ಮರುದಿನ ರಾತ್ರಿ ನೆಲಮಾಳಿಗೆಯಲ್ಲಿ ಪರೀಕ್ಷೆ. ಗೋಡೆಗೆ ಒರಗಿ ಹಿರಿಯ ಸೋದರರು. ನಡುವೆ ಪ್ಲೆಜ್ ಮಾಸ್ಟರನೆಂಬ ದಢೂತಿ ಯುವಕ, ಒಂದು ಕೈಯಲ್ಲಿ ಮರದ ಪ್ಯಾಡಲ್ಲು, ಇನ್ನೊಂದರಲ್ಲಿ ಸಂಘದ ಕೈಪಿಡಿ. ಕಡ್ಡಿ ಗೀರಿದೆ. ಕಣ್ಣು ಮುಚ್ಚಿದೆ. ಅಷ್ಟೆ, ಮೂರಾವೃತ್ತಿಯೂ ಪುರೋಹಿತರು ದಕ್ಷಿಣೆಗೆ ಹೊತ್ತಾದಾಗ ಹೇಳುವ ಮಂತ್ರದ ವೇಗದಲ್ಲಿ ಸಾಗಿ, ಮೂರನೆಯ ‘ಒಮೇಗಾ ನಮಃ’ ಎಂದು ಕಣ್ಣು ತೆರೆದಾಗ ಉರಿ ಇನ್ನೂ ಕಡ್ಡಿಯ ಅರ್ಧಕ್ಕೂ ಬಂದಿರಲಿಲ್ಲ. ನೆಲಮಾಳಿಗೆ ಸ್ತಬ್ಧವಾಯಿತು. ಆಗ ಊದಿ ಆರಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಉರಿಯುವ ಅರ್ಧ ಕಡ್ಡಿಯೂ ಬೆರಗಾದ ಅಷ್ಟು ಮಂದಿಯೂ ಎದುರಿಗಿರುವಾಗ ವಿರಮಿಸುವುದು ನನ್ನ ವಂಶದಲ್ಲಿಯೇ ಇಲ್ಲ. ತಡೆಯದೆ ಮುಂದುವರಿಸಿದೆ: ಕ ಕಾ ಕಿ ಕೀ ಕು ಕೂ. ಪ್ಲೆಜ್ ಮಾಸ್ಟರನು ಕೈಪಿಡಿಯ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚತೊಡಗಿದ. ಕೆ ಕೇ ಕೈ ಕೊ ಕೋ. ಕೈ ಎಂಬಲ್ಲಿ ಅವನ ಮುಖ ಒಂದು ಕ್ಷಣ ಅರಳಿತು, ಅದು ಕೈಪಿಡಿಯಲ್ಲಿಯೂ ಇತ್ತು. ಮರುಕ್ಷಣ ಮತ್ತೆ ಬಾಡಿತು. ಕೌ ಎಂಬಲ್ಲಿ ಉರಿ ಬೆರಳಿಗೆ ಮುಟ್ಟಿತು. ‘ಕಂ’ ಬರಬೇಕಾದ ಬಾಯಿಂದ ‘ಅಯ್ಯಯ್ಯಪ್ಪಾ’ ಎಂಬುದು ಬಂತು. ಅದನ್ನೇ ಮಂಗಳವಾಕ್ಯವೆಂದು ತಿಳಿದ ಸೋದರರು ಕೈಚಪ್ಪಾಳೆ ತಟ್ಟಿದರು.

“ಒಮೇಗಾ ಆದ ಮೇಲೆ ಬಂದ ಅಕ್ಷರಗಳು ಯಾವುವು?” ಎಂದು ಪ್ಲೆಜ್ ಮಾಸ್ಟರ್ ಸಂಶಯದಿಂದ ಕೇಳಿದ.

“ಗ್ರೀಕರು ಕೈಬಿಟ್ಟವು,” ಎಂದೆ, ಬೆರಳನ್ನು ಬಾಯಲ್ಲಿಟ್ಟುಕೊಂಡೇ.

“ನಮಃ?”

“ಪೂರ್ವದೇಶಗಳಲ್ಲಿ ಒಮೇಗಾವನ್ನು ಬರಿಗೈಯಲ್ಲಿ ಕಳುಹಿಸುವುದಿಲ್ಲ.”

ನನಗೆ ಬೇಸರವಾಗುವುದು ಇಲ್ಲಿಯೇ. ಮನೆಯ ನೆತ್ತಿಯ ಮೇಲೆ, ಎದೆಯ ಪಿನ್ನಿನ ಮೇಲೆ, ಊಟದ ತಟ್ಟೆಯ ಅಂಚಿನ ಮೇಲೆ ಗ್ರೀಕ್ ಅಕ್ಷರಗಳನ್ನು ಕೆತ್ತಿಸಿಕೊಂಡಿದ್ದ ಅಷ್ಟು ಜನರಲ್ಲಿ ಒಬ್ಬನಾದರೂ ನನ್ನನ್ನು ಹಿಡಿದು ನಿಲ್ಲಿಸಲಿಲ್ಲ. ಮನೆಯ ಮೇಲ್ವಿಚಾರಣೆಗಿದ್ದ ಹೌಸ್ ಮದರ್ ಎಂಬ ವೃದ್ಧ ಮಹಿಳೆ ಮಾತ್ರ ಬೆರಳಿಗೆ ಬೆಣ್ಣೆ ಸವರುತ್ತ, ಕ ಕಾ ಕಿ ಕೀ ಎಂಬುದು ನಿನ್ನ ಊರಿನದೆ ಎಂದು ಮೆಲ್ಲಗೆ ಕೇಳಿದರು. ಮುಂದಿನ ವಾರ ಬೇರೆ ಪ್ಲೆಜ್‌ಗಳೆಲ್ಲ ‘ಒಮೇಗಾ ನಮಃ’ ಎಂದೇ ಮುಗಿಸುತ್ತಿದ್ದರು. ಸಂಸ್ಕೃತಿಪ್ರಸಾರಕ್ಕಾಗಿ ನಾನು ಮಾಡಿದ ಕೆಲಸ ಇದೊಂದೇ.

ಇನ್ನುಳಿದುದನ್ನು ಬೇಗ ಹೇಳಿಬಿಡುತ್ತೇನೆ. ಬೆಳದಿಂಗಳಲ್ಲಿ ಎದುರು ಸಾಲಿನ ಕಿಟಕಿಗಳ ಕೆಳಗೆ ನಿಂತು ಎಲ್ಲರೂ ಪ್ರೇಮಗೀತೆ ಹಾಡಿದೆವು, ನನ್ನ ಸರದಿ ಬಂದಾಗ ಗೊತ್ತಿದ್ದ ಒಂದೇ ಹಾಡನ್ನು, ಹರಿಯ ಕುರಿತಾದುದನ್ನು, ಹಾಡಿದೆ, ಕಿಟಕಿಯೊಂದು ಮುಚ್ಚಿಕೊಂಡಿತು. ಸದಸ್ಯತ್ವದ ಮತದಾನ ಒಂದು ಪೆಟ್ಟಿಗೆಯೊಳಗೆ ಗೋಲಿ ಹಾಕುವುದರ ಮೂಲಕ. ಒಂದೇ ಒಂದು ಕರಿಯ ಗೋಲಿ ಬಿದ್ದರೂ ಅಭ್ಯರ್ಥಿ ಹೊರಗೆ. ನನ್ನ ಪೆಟ್ಟಿಗೆಯಲ್ಲಿ ಎಲ್ಲವೂ ಬಿಳಿಯವೇ. ಅಷ್ಟರಲ್ಲಿ ಕೇಂದ್ರ ಕಾರ್ಯಾಲಯದಿಂದ ಕಾಗದ ಬಂತು.

ಸಂಘದ ನಿಬಂಧನೆಗಳಲ್ಲಿ, ಆಗಿನ ಕೆಲವು ಸಂಘಗಳಲ್ಲಿದ್ದಂತೆ, ಸದಸ್ಯನಾಗುವವನು ಬಿಳಿಯನೂ ಆರ್ಯರಕ್ತದವನೂ ಆಗಿರತಕ್ಕದ್ದೆಂಬ ಷರತ್ತಿತ್ತು. ಹುಡುಗರು ಒಳ್ಳೆಯವರು, ನನ್ನನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ, ಪರೀಕ್ಷೆಗಳು ಬೇರೆ ಹತ್ತಿರವಾಗಿದ್ದವು. ಒಬ್ಬನು ವಿಶ್ವಕೋಶದ ಸಂಪುಟವನ್ನು ಹೊತ್ತು ತಂದು, ಆರ್ಯರೆಂದರೆ ಹಿಂದೂಗಳೇ, ನಾವೇ ಆಮೇಲಿನವರು ಎಂದು ವಾದಿಸಿದ. ನನ್ನ ಎದೆ ಉಬ್ಬಿತು. ನನ್ನ ಮನೆಮಾತು ದ್ರಾವಿಡವೆಂಬುದು, 1856ರಷ್ಟು ಹಿಂದೆಯೇ ಕಾಲ್ಡ್‌ವೆಲ್ ಸಾಹೇಬರು ಆ ಭಾಷೆಗಳಿಗೆಲ್ಲ ಸೇರಿಸಿ ವ್ಯಾಕರಣ ಬರೆದಿಟ್ಟಿದ್ದರೆಂಬುದು ನನಗೆ ಗೊತ್ತಿತ್ತು. ಆದರೆ ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಡುವುದು ಅವಿನಯವೆಂದು ಸುಮ್ಮನೆ ಕುಳಿತೆ. ಅಷ್ಟರಲ್ಲಿ ವಕೀಲಿಗೆ ಹೊರಟಿದ್ದ ಹಿರಿಯನೊಬ್ಬ, ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಪೌರತ್ವ ಕೇಳಿದಾಗ ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ಕೊಟ್ಟ ತೀರ್ಪನ್ನು ಓದಿ ಹೇಳಿದ: ಪಂಡಿತರು ಈತನ ಕುಲವನ್ನು ಹೇಗೆ ವರ್ಗೀಕರಿಸಿದರೂ ಸರಿಯೆ, ಜನಸಾಮಾನ್ಯರ ತಿಳಿವಳಿಕೆಯಲ್ಲಿ ಈತ ಬಿಳಿಯನಲ್ಲ. 1946ರಲ್ಲಿ ಪೌರತ್ವದ ಬಾಗಿಲು ಭಾರತೀಯರಿಗೆ, ವಲಸೆಗೆ ವರ್ಷಕ್ಕೆ ನೂರು ಮಂದಿಯ ಮಿತಿಯೊಡನೆ, ತೆರೆದಿತ್ತು. ನಮ್ಮ ಸಂಘದ ಬಾಗಿಲು ಮಾತ್ರ ಹಳೆಯ ತೀರ್ಪಿಗೇ ನಿಷ್ಠವಾಗಿತ್ತು. ಆರ್ಯತ್ವದಲ್ಲಿ ನಾನು ತೇರ್ಗಡೆ, ಬಿಳುಪಿನಲ್ಲಿ ನಪಾಸು.

ಕೊನೆಗೊಂದು ಸಂಧಾನವಾಯಿತು. ನಾನು ಅಲ್ಲಿ ಊಟ ಮಾಡಬಹುದು, ಅವರಿಗೆ ಲೆಕ್ಕ ಹೇಳಿಕೊಡಬಹುದು, ಪೂರ್ಣ ಶುಲ್ಕ ಕೊಡಬಹುದು. ದೀಕ್ಷೆಯಿಲ್ಲ, ರಹಸ್ಯ ಹಸ್ತಲಾಘವವಿಲ್ಲ. ಸೋಮವಾರ ಸಂಜೆ ಸಭೆ ಸೇರಿದಾಗ ನಾನು ಬಾಗಿಲಾಚೆ ಟೆಲಿಫೋನಿನ ಪಕ್ಕದಲ್ಲಿ ಕುಳಿತಿರಬೇಕು. ನಾಚಿಕೆಗೇಡಿನ ಸಂಗತಿಯೆಂದರೆ, ಇದು ನನಗೆ ಸಂಭ್ರಮವೇ ಆಯಿತು. ಊರಿಗೆ ಕಾಗದ ಬರೆದು ತಿಳಿಸಿದೆ.

ಪ್ರಯೋಗಶಾಲೆಯಲ್ಲಿ ನನ್ನ ಜೊತೆಗಾರನಾಗಿದ್ದವನು ಕರಿಯ ಜನಾಂಗದ ಹುಡುಗ. ಗಣಿತದಲ್ಲಿ ನನಗಿಂತ ಚುರುಕು. ಅವನ ಹೆಸರು ನಮ್ಮ ಮನೆಯ ಗೋಲಿಪೆಟ್ಟಿಗೆಯ ಹತ್ತಿರಕ್ಕೂ ಬಂದಿರಲಿಲ್ಲ. ಬರುವಂತೆಯೂ ಇರಲಿಲ್ಲ: ಆಮ್ಹರ್ಸ್ಟ್ ಕಾಲೇಜಿನಲ್ಲಿದ್ದ ಸಂಘವೊಂದರ ಶಾಖೆ ಅಂಥವನೊಬ್ಬನನ್ನು 1948ರಲ್ಲಿ ಸೇರಿಸಿಕೊಂಡಾಗ, ಕೇಂದ್ರ ಸಂಘ ಆ ಶಾಖೆಯನ್ನೇ ಹೊರಹಾಕಿತ್ತು. ನನ್ನ ಜೊತೆಗಾರನು ಆಲ್ಫಾ ಫೈ ಆಲ್ಫಾದ ಸದಸ್ಯ. 1906ರಲ್ಲಿ ಕಾರ್ನೆಲ್ಲಿನ ಏಳು ಮಂದಿ ಕರಿಯ ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಘ ಅದು. ನನ್ನ ಕಥೆಯನ್ನೆಲ್ಲ ಸಾವಧಾನವಾಗಿ ಕೇಳಿ, “ಎಷ್ಟು ವಸೂಲು ಮಾಡಿದರು?” ಎಂದ. ಹೇಳಿದೆ. ಕೊಳವೆಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನಕ್ಕ. ನಾನೂ ನಕ್ಕೆ. ಆ ಸೋಮವಾರ, ಮುಚ್ಚಿದ ಬಾಗಿಲಿನ ಹೊರಗೆ ಕುಳಿತಿದ್ದಾಗ, ಹಬ್ಬಗಳಿಗೆ ನಮ್ಮ ಮನೆಗೆ ಬಾಳೆಲೆ ಹೊತ್ತು ತರುತ್ತಿದ್ದ ಮುದುಕ ನೆನಪಿಗೆ ಬಂದ. ಅವನು ತಂದ ಎಲೆಗಳ ಮೇಲೆ ನಾವು ನಡುಮನೆಯಲ್ಲಿ ಉಣ್ಣುತ್ತಿದ್ದೆವು. ಅವನಿಗೆ ಹಿತ್ತಿಲಿನಲ್ಲಿ, ಎಲ್ಲರದೂ ಆದ ಮೇಲೆ ಬಡಿಸುತ್ತಿದ್ದರು. ಅವನ ಹೆಸರನ್ನು ನಾನು ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಹೇಳುವವರಿಲ್ಲ.

ಆ ಷರತ್ತುಗಳನ್ನು ಸಂಘಗಳು ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಕೈಬಿಟ್ಟವು, ನಮ್ಮದೂ ಬಿಟ್ಟಿತು. ಬಿಟ್ಟ ಮೇಲೆ ನನ್ನ ವಿಳಾಸ ಅವರಿಗೆ ಹೇಗೆ ಸಿಕ್ಕಿತೋ, ‘ಪ್ರಿಯ ಸೋದರ’ ಎಂಬ ಸಂಬೋಧನೆಯೊಡನೆ ಮುದ್ರಿತ ಪತ್ರವೊಂದು ಮೈಸೂರಿಗೆ ಬಂತು: ಮನೆಯ ಚಾವಣಿ ಸೋರುತ್ತಿದೆ, ಯಥಾಶಕ್ತಿ ಸಹಾಯ ಮಾಡತಕ್ಕದ್ದು. ದೀಕ್ಷೆಯಾಗದವನಿಂದ ತೆಗೆದುಕೊಂಡ ಶುಲ್ಕವನ್ನು ಚಾವಣಿಯ ಖಾತೆಗೆ ಜಮಾ ಮಾಡಿಕೊಂಡು, ಉಳಿಕೆಯೇನಾದರೂ ಇದ್ದರೆ ನನಗೆ ಹಿಂದಿರುಗಿಸಬೇಕೆಂದು ಮರುಟಪಾಲಿನಲ್ಲಿಯೇ ಬರೆದಿದ್ದೇನೆ. ಇದುವರೆಗೆ ಉತ್ತರ ಬಂದಿಲ್ಲ.