ಪಾಯಿಂಟ್ ಐದು ದೊಡ್ಡದೋ, ನಲವತ್ತೈದು ದೊಡ್ಡದೋ?

ಕೂಡುವ ಕಳೆಯುವ ಲೆಕ್ಕ ಇರುವ ತನಕ ನಮ್ಮ ಮನೆಯಲ್ಲಿ ಎಲ್ಲರೂ ಗಣಿತದ ಮೇಷ್ಟ್ರುಗಳೇ. ಭಿನ್ನರಾಶಿ ಶುರುವಾದಾಗ ಒಬ್ಬೊಬ್ಬರಿಗೂ ಬೇರೆ ಕೆಲಸ ನೆನಪಾಗತೊಡಗಿತು. ದಶಮಾಂಶದ ಹೊತ್ತಿಗೆ ಮಗನ ಪಕ್ಕದಲ್ಲಿ ಉಳಿದವನು ನಾನೊಬ್ಬನೇ.

ಐದನೇ ಕ್ಲಾಸಿನ ಅವನ ಪುಸ್ತಕದಲ್ಲಿ ಒಂದು ಲೆಕ್ಕ ಹೀಗಿತ್ತು: 4.5 + 0.1 = 5. ಬಿಂದುವಿನ ಕೆಳಗೆ ಬಿಂದು ನೇರವಾಗಿ ಕೂತಿತ್ತು, ಉತ್ತರದ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಿದ್ದ. “ಯಾಕೋ ಐದು?” ಎಂದೆ.

“ನಾಲ್ಕು ಪಾಯಿಂಟ್ ಐದು ಆದ್ಮೇಲೆ ಇನ್ನೊಂದು ಬಾಲ್ ಹಾಕಿದ್ರೆ ಓವರ್ ಮುಗೀತಲ್ಲಪ್ಪ?”

ಅದು ಕ್ರಿಕೆಟ್ಟು, ಇದು ಗಣಿತ ಎಂದೆ. “ಟಿವೀಲೂ ಬಿಂದು ಇಟ್ಟೇ ಬರೀತಾರಲ್ಲ?” ಎಂದ. ಬರೀತಾರೆ, ನಿಜ. ಓವರಿನಲ್ಲಿ ಆರು ಎಸೆತ. ಆರರ ಲೆಕ್ಕಕ್ಕೆ ಹತ್ತರ ವೇಷ ಹಾಕಿಸಿದ್ದಾರೆ. ರನ್ ರೇಟ್ ತೆಗೆಯುವಾಗ ಮಾತ್ರ ಅವರೂ ವೇಷ ಕಳಚುತ್ತಾರೆ. 19.3 ಓವರಿಗೆ 156 ರನ್ ಎಂದರೆ 19.3ರಿಂದ ಭಾಗಿಸುವಂತಿಲ್ಲ. ಮೂರು ಎಸೆತ ಅರ್ಧ ಓವರ್, ಹಾಗಾಗಿ 19.5ರಿಂದ ಭಾಗಿಸಬೇಕು, ಆಗ ಸರಿಯಾಗಿ ಎಂಟು ಬರುತ್ತದೆ. ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಹೋಮ್‌ವರ್ಕ್ ಮೂಲೆ ಸೇರಿತ್ತು, ಯಾವ ತಂಡ ಫೈನಲಿಗೆ ಹೋಗಬಹುದು ಎಂಬ ಚರ್ಚೆ ನಡೆದಿತ್ತು.

ಯೋಚಿಸಿದರೆ ಹುಡುಗನನ್ನು ಬೈಯುವಂತಿಲ್ಲ. ಈ ಬಿಂದುವನ್ನು ನಾವು ಕಂಡಕಂಡಲ್ಲಿ ದುಡಿಸಿಕೊಂಡಿದ್ದೇವೆ. ಮದುವೆ ಕರೆಯೋಲೆಯಲ್ಲಿ ಮುಹೂರ್ತ 10.30 ಎಂದರೆ ಹತ್ತೂವರೆ. ವರನ ಎತ್ತರ 5.10 ಎಂದರೆ ಅವನು 5.9ರವನಿಗಿಂತ ಒಂದಿಂಚು ಉದ್ದ. ಗಣಿತದ ಮೇಷ್ಟ್ರು ನೋಡಿದರೆ ಇಬ್ಬರನ್ನೂ ಅದಲುಬದಲು ನಿಲ್ಲಿಸಿಯಾರು. ಇಷ್ಟೆಲ್ಲ ನೋಡುತ್ತ ಬೆಳೆದ ಮಗು ಶಾಲೆಯಲ್ಲಿ ಮಾತ್ರ ಬಿಂದುವನ್ನು ಹತ್ತರ ಲೆಕ್ಕದಲ್ಲೇ ಓದಬೇಕಂತೆ.

ಮುಂದಿನ ಪ್ರಶ್ನೆ: 0.45, 0.5, ಇವುಗಳಲ್ಲಿ ಯಾವುದು ದೊಡ್ಡದು? ಅವನು ಯೋಚಿಸಲೂ ಇಲ್ಲ. ಐದಕ್ಕಿಂತ ನಲವತ್ತೈದು ದೊಡ್ಡದು. ಊರಲ್ಲಿರುವ ಮಕ್ಕಳೆಲ್ಲ ಒಮ್ಮೆಯಾದರೂ ಹೇಳುವ ಉತ್ತರ ಇದು. ಬಾಲ ಉದ್ದವಿದ್ದ ಸಂಖ್ಯೆಯೇ ದೊಡ್ಡದು ಎಂಬುದು ಅವರು ಅಲ್ಲಿಯವರೆಗೆ ಕಲಿತ ಪೂರ್ಣಾಂಕಗಳ ಧರ್ಮ. ಪಾಠಪುಸ್ತಕದ ಉಪಾಯ ಹಿಡಿದೆ: “ನಲವತ್ತೈದು ಪೈಸೆ ಜಾಸ್ತೀನೋ, ಐವತ್ತು ಪೈಸೆ ಜಾಸ್ತೀನೋ?”

“ಪೈಸೆ ಅಂದ್ರೆ ಯಾವ್ದು?”

ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತದ್ದು 2011ರ ಜೂನ್ ಕೊನೆಗೆ. ಇವನಿನ್ನೂ ಹುಟ್ಟಿರಲಿಲ್ಲ. ಐವತ್ತು ಪೈಸೆ ಕಾನೂನಿನ ಪ್ರಕಾರ ಇನ್ನೂ ದುಡ್ಡೇ. ಅಂಗಡಿಯವನ ಪ್ರಕಾರ ಅಲ್ಲ.

ಪೈಸೆಯ ಮಾತು ಕಿವಿಗೆ ಬಿದ್ದದ್ದೇ ನಮ್ಮಮ್ಮ ಕನ್ನಡಕ ಸರಿಮಾಡಿಕೊಂಡು ಎದ್ದು ಬಂದರು. 1957ರ ಏಪ್ರಿಲ್ ಒಂದರಂದು ನಯಾ ಪೈಸೆ ಬಂದಾಗ ಅವರಿನ್ನೂ ಪ್ರೈಮರಿ ಶಾಲೆಯ ಹುಡುಗಿ. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಹದಿನಾರನ್ನು ನೂರಕ್ಕೆ ಹೊಂದಿಸಿದರೆ ಆಣೆಗೆ ಆರೂಕಾಲು ಪೈಸೆ ಬರುತ್ತದೆ. ಕಾಲು ಪೈಸೆ ಎಲ್ಲಿಂದ ತರುವುದು? ಸರ್ಕಾರದ ಪಟ್ಟಿಯಂತೆ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಒಂದೊಂದೇ ಆಣೆ ಮೂರು ಸಲ ಕೊಟ್ಟರೆ ಹದಿನೆಂಟು, ಒಟ್ಟಿಗೆ ಕೊಟ್ಟರೆ ಹತ್ತೊಂಬತ್ತು! “ಅದಕ್ಕೇ ಯಾವತ್ತೂ ಬಿಡಿಬಿಡಿಯಾಗಿ ವ್ಯಾಪಾರ ಮಾಡ್ಬಾರ್ದು” ಎಂದು ಅಮ್ಮ ಮೊಮ್ಮಗನಿಗೆ ಬೋಧಿಸಿದರು. ಅವನಿಗೆ ದಶಮಾಂಶ ಬರಲಿಲ್ಲ, ಆಣೆ ಬಂತು.

ಆಮೇಲೆ ಎಲ್ಲ ಮಕ್ಕಳೂ ಕೇಳುವ ಪ್ರಶ್ನೆಯನ್ನೇ ಕೇಳಿದ: ಈ ದಶಮಾಂಶ ಕಂಡುಹಿಡಿದವರು ಯಾರು? ಈ ಪ್ರಶ್ನೆಯ ಹಿಂದೆ ಜ್ಞಾನದಾಹ ಇರುವುದಿಲ್ಲ, ಸಿಕ್ಕಿದರೆ ಒಂದು ಕೈ ನೋಡಿಕೊಳ್ಳುವ ಇರಾದೆ ಇರುತ್ತದೆ. ಒಬ್ಬನ ತಲೆಗೇ ಕಟ್ಟುವುದು ನ್ಯಾಯವಲ್ಲ. ಹತ್ತನೇ ಶತಮಾನದಲ್ಲೇ ದಮಾಸ್ಕಸ್ಸಿನ ಅಲ್ ಉಕ್ಲಿದಿಸಿ ದಶಮಾಂಶ ಬರೆದಿದ್ದ. ಯುರೋಪಿನಲ್ಲಿ ಅದನ್ನು ಮನೆಮಾತು ಮಾಡಹೊರಟವನು ಫ್ಲಾಂಡರ್ಸಿನ ಸೈಮನ್ ಸ್ಟೆವಿನ್. 1585ರಲ್ಲಿ ಅವನು ಬರೆದ ಪುಟ್ಟ ಪುಸ್ತಕ ಖಗೋಳದವರಿಗೆ ಮಾತ್ರವಲ್ಲ, ಜಮೀನು ಅಳೆಯುವವರಿಗೆ, ಬಟ್ಟೆ ಅಳೆಯುವವರಿಗೆ, ವೈನಿನ ಪೀಪಾಯಿ ಅಳೆಯುವವರಿಗೂ ಆಗಿತ್ತು. ನಾಣ್ಯ, ತೂಕಗಳೂ ಹತ್ತರ ಲೆಕ್ಕಕ್ಕೆ ಬರಲಿ ಎಂದು ಅವನು ಆಗಲೇ ಹೇಳಿದ್ದ. ವ್ಯಾಪಾರಿಗಳ ಕೆಲಸ ಹಗುರ ಮಾಡಲು ಹೊರಟವನು ಮಕ್ಕಳ ಶಾಪಕ್ಕೆ ಗುರಿಯಾದ.

ಕೊನೆಗೆ ದಾರಿ ತೋರಿಸಿದ್ದೂ ಅಮ್ಮನೇ. ಬೀರುವಿನಿಂದ ಒಡವೆ ಅಂಗಡಿಯ ಹಳೇ ಬಿಲ್ಲು ತಂದು ಹರಡಿದರು. ಸರದ ತೂಕ 7.850 ಗ್ರಾಂ.

“ಇನ್ನೊಂದು ಸರ 7.9 ಗ್ರಾಂ ಇದೆ ಅಂದ್ಕೋ. ಯಾವ್ದು ತೂಕ ಹೇಳು?”

“ಇದೇ ಅಜ್ಜಿ, ಎಂಟ್ನೂರೈವತ್ತು ಇದೆಯಲ್ಲ.”

“ಆ ಕೊನೇ ಸೊನ್ನೆಗೆ ಅಂಗಡಿಯವನು ದುಡ್ಡು ತಗೊಳ್ಳಲ್ಲ ಕಣೋ. 7.9ರ ಮುಂದೆ ನೀನೂ ಎರಡು ಸೊನ್ನೆ ಹಾಕು, ಈಗ ನೋಡು.”

ಹಾಕಿದ. 7.900, 7.850. ವ್ಯತ್ಯಾಸ 0.050 ಗ್ರಾಂ. ಗ್ರಾಮಿಗೆ ಹತ್ತು ಸಾವಿರ ಅಂತ ಹಿಡಿದರೂ ಐನೂರು ರೂಪಾಯಿ. ಹುಡುಗನ ಕಣ್ಣು ಅಗಲವಾಯಿತು. ಆಮೇಲೆ 0.5ರ ಮುಂದೆ ತಾನೇ ಒಂದು ಸೊನ್ನೆ ಹಾಕಿ, 0.45ರ ಪಕ್ಕ ಇಟ್ಟು, ಹಳೇ ಉತ್ತರ ರಬ್ಬರಿನಿಂದ ಉಜ್ಜಿದ. ನಾನು ಅರ್ಧ ಸಂಜೆ ಹೇಳಿದ್ದು ಒಂದು ರಸೀದಿಯಲ್ಲಿ ಮುಗಿಯಿತು.

ಹಾಗಾಗಿ ಐದನೇ ಕ್ಲಾಸಿನ ಮಕ್ಕಳಿರುವವರಲ್ಲಿ ನನ್ನದೊಂದು ಬಿನ್ನಹ: ಚಿನ್ನದಂಗಡಿಯ ಬಿಲ್ಲು ಬಿಸಾಡಬೇಡಿ. ಆದರೆ ಮಕ್ಕಳಿಗೆ ತೋರಿಸುವಾಗ ವೇಸ್ಟೇಜ್, ಜಿಎಸ್‌ಟಿ ಇರುವ ಕೆಳಗಿನ ಭಾಗವನ್ನು ಒಳಕ್ಕೆ ಮಡಚಿಕೊಳ್ಳಿ. ಶೇಕಡಾ ಲೆಕ್ಕ ಇನ್ನೂ ಮುಂದಿನ ಪಾಠ.