ಇಪ್ಪತ್ತೆರಡು ಕಿಲೋದ ಕ್ಯಾರಿಯರ್

ಸಂಜೆ ಏಳರ ಮೇಲೆ ಅಲ್ ಮುರಕ್ಕಬಾತಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕಿದವನು ಮರುದಿನ ಆಫೀಸಿಗೆ ಮೆಟ್ರೋದಲ್ಲೇ ಹೋಗುತ್ತಾನೆ. ಸಿಕ್ಕಿದ ಜಾಗ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ದುಬೈಯ ದೇರಾ ಭಾಗದ ಈ ಬಡಾವಣೆಯಲ್ಲಿ, ಇರಾಕಿ ಹೋಟೆಲಿನ ಸುಟ್ಟ ಮೀನಿನ ವಾಸನೆ ಮೂರನೇ ಮಾಳಿಗೆಗೂ ಏರಿ ಬರುವ ಒಂದು ಫ್ಲಾಟಿನಲ್ಲಿ, ಲೆಕ್ಕ ಬರೆದು ಬದುಕುವ ಸುಳ್ಯದವನೊಬ್ಬನಿದ್ದಾನೆ. ಅವನ ಬಳಿ ಕಾರಿಲ್ಲ. ಬುಲ್ಡೋಜರ್ ಇದೆ.

ಇರುವುದು ಮುರಕ್ಕಬಾತಿನಲ್ಲಲ್ಲ, ಊರಲ್ಲಿ. ಅಡಿಕೆ ತೋಟ ಮುಗಿದು ರಬ್ಬರ್ ಶುರುವಾಗುವಲ್ಲಿ, ತಗಡಿನ ಮಾಡಿನ ಕೆಳಗೆ. ಈ ಸಾಲುಗಳನ್ನು ಬರೆಯುತ್ತಿರುವ ಕೈಗೂ ಆ ಯಜಮಾನನ ಕೈಗೂ ಒಂದೇ ಗ್ರೀಸಿನ ವಾಸನೆ ಇದೆಯಲ್ಲ ಎಂದು ಯಾರಾದರೂ ಕೇಳಿದರೆ ಲೇಖಕ ವಾದಕ್ಕೆ ನಿಲ್ಲುವುದಿಲ್ಲ.

ಗಾಡಿ ಬೆಮೆಲ್ ಕಂಪನಿಯ ಡಿ-50. ತೂಕ ಹನ್ನೆರಡು ಟನ್ನಿನ ಆಸುಪಾಸು. ಬುಲ್ಡೋಜರುಗಳ ವಂಶದಲ್ಲಿ ಇದು ಸಣ್ಣ ಮಗು. ಗಣಿಯಲ್ಲಿ ದುಡಿಯುವ ಇದರ ದೊಡ್ಡಣ್ಣ ಬಿಡಿ-355 ಇದರ ನಾಲ್ಕು ಪಟ್ಟು ತೂಗುತ್ತದೆ. ಬೆಮೆಲ್ ಹುಟ್ಟಿದ್ದು 1964ರಲ್ಲಿ. ಜಪಾನಿನ ಕೊಮಾಟ್ಸು ಕಂಪನಿಯಿಂದ ತಂತ್ರಜ್ಞಾನ ತಂದು, ಕೆಜಿಎಫ್‌ನ ಕಾರ್ಖಾನೆಯಲ್ಲಿ ಬುಲ್ಡೋಜರ್ ಕಟ್ಟಿತು. ಗಡಿ ರಸ್ತೆ ಸಂಸ್ಥೆಯವರು ಹಿಮಾಲಯದಲ್ಲಿ ದಾರಿ ಕಡಿಯಲು ಬಳಸಿದ್ದು ಇದೇ ಡಿ-50ಗಳನ್ನು. ನೆಂಟರು ಬಂದಾಗ ಯಜಮಾನ ಈ ಹಿಮಾಲಯದ ವಿಷಯವನ್ನು ಕಾಫಿಗಿಂತ ಮೊದಲು ಬಡಿಸುತ್ತಾನೆ. ಅವನದ್ದು ಹಿಮಾಲಯ ನೋಡಿಲ್ಲ. ಕೊಡಗಿನ ಒಂದು ಕಾಫಿ ತೋಟದಲ್ಲಿ ಲಾರಿ ದಾರಿ ಮಾಡಿ, ಕೆರೆ ತೋಡಿ, ಮುದಿಯಾಗಿ, ಗುಜರಿಯವನ ತಕ್ಕಡಿಗೆ ಕಾಯುತ್ತಿತ್ತು. ರಜೆಯಲ್ಲಿ ಆ ತೋಟಕ್ಕೆ ಕಾಳುಮೆಣಸಿನ ಬಳ್ಳಿ ತರಲೆಂದು ಹೋದವನು ಇದನ್ನು ತಂದ. ಲೋಬೆಡ್ ಲಾರಿ ಅಂಗಳಕ್ಕೆ ಬಂದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಬಳ್ಳಿ ಎಲ್ಲಿ ಮಾರಾಯಾ?"

ಗಾಡಿಗೆ ಒಬ್ಬ ಆಪರೇಟರ್ ಬೇಕಲ್ಲ. ಈಗಿನ ಹುಡುಗರಿಗೆ ಎರಡು ಜಾಯ್‌ಸ್ಟಿಕ್ ಗೊತ್ತು, ಕ್ಲಚ್ ಲಿವರ್ ಗೊತ್ತಿಲ್ಲ. ಸಿಕ್ಕಿದವರು ಅಣ್ಣಾಚಿ. 1964ರ ಅಕ್ಟೋಬರಿನಲ್ಲಿ ಭಾರತದ ಪ್ರಧಾನಿ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೋ ಅವರೂ ಮಾಡಿಕೊಂಡ ಒಪ್ಪಂದದಂತೆ ಸಿಲೋನಿನಿಂದ ಭಾರತಕ್ಕೆ ಬರಬೇಕಾದವರು 5,25,000 ಮಂದಿ. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆ ಮಾಡಿಸಿದರು. ಅಣ್ಣಾಚಿ ಹಾಗೆ ಬಂದವರ ಮಗ, ಕಲಿತದ್ದು ಡೋಜರ್. ಗಾಡಿಯ ಕಂಪನಿಗೂ ಅಣ್ಣಾಚಿಯನ್ನು ಇಲ್ಲಿಗೆ ತಂದ ಕಾಗದಕ್ಕೂ ಒಂದೇ ವರ್ಷ ಜನ್ಮನಕ್ಷತ್ರ ಎಂದು ಯಜಮಾನ ಒಮ್ಮೆ ಲೆಕ್ಕ ಹಾಕಿ ಹೇಳಿದ. ಅಣ್ಣಾಚಿ ಕೇಳಿಸಿಕೊಂಡು, "ಡೀಸೆಲ್ ಹಣ ಹಾಕಿ" ಎಂದರು.

ಯಜಮಾನ ತಾನೇ ಗಾಡಿ ಹತ್ತಿದ್ದು ಒಂದೇ ಸಲ. ಈ ಹಳೇ ಡೋಜರಿಗೆ ಸ್ಟೇರಿಂಗ್ ಚಕ್ರವಿಲ್ಲ. ಬಲಗಡೆಯ ಲಿವರ್ ಎಳೆದರೆ ಬಲಗಡೆಯ ಚೈನಿಗೆ ಶಕ್ತಿ ಹೋಗುವುದು ನಿಲ್ಲುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಸಮತಟ್ಟಿನಲ್ಲಿ ಇದು ಸರಿ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುತ್ತಿರುತ್ತದೆ; ಬಲಗಡೆಯ ಲಿವರ್ ಎಳೆದರೆ ಆ ಹಿಡಿತ ತಪ್ಪಿ ಬಲಗಡೆಯ ಚೈನೇ ಮುಂದೆ ಓಡುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಈ ಸತ್ಯ ಪುಸ್ತಕದಲ್ಲಿದೆ. ಯಜಮಾನನಿಗೆ ಅದು ತಿಳಿದದ್ದು ಎಡಗಡೆ ಇದ್ದ ಹಟ್ಟಿಯ ಮೂಲೆಯಿಂದ. ದನ ಆ ಹೊತ್ತಿಗೆ ಮೇಯಲು ಹೋಗಿತ್ತು ಎಂಬುದನ್ನು ಮಾತ್ರ ದಾಖಲಿಸಿ ಮುಂದೆ ಹೋಗೋಣ.

ಅಂದಿನಿಂದ ಯಜಮಾನಿಕೆ ನಡೆಯುವುದು ಫೋನಿನಲ್ಲಿ. ಯುಎಇಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ವಾಯ್ಸ್ ಮೆಸೇಜ್ ನಡೆಯುತ್ತದೆ. ಅಣ್ಣಾಚಿ ಫೋನನ್ನು ಎಂಜಿನಿಗೆ ಹಿಡಿದು ಎರಡು ನಿಮಿಷ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಸುಳ್ಯದ ಆರೂವರೆ ಎಂದರೆ ಮುರಕ್ಕಬಾತಿನ ಐದು ಗಂಟೆ. ಕತ್ತಲ ಕೋಣೆಯಲ್ಲಿ ನಾಲ್ಕು ಸಿಲಿಂಡರು ಗುಡುಗುತ್ತವೆ. ಯಜಮಾನ ಕಣ್ಣು ಮುಚ್ಚಿ, ಸಂಗೀತ ಕಛೇರಿಯಲ್ಲಿ ಕೂತವನಂತೆ ಕೇಳಿ, "ಮೂರನೇ ನೋಝಲ್ ಇರಬಹುದು" ಎಂದು ಉತ್ತರ ಕಳಿಸುತ್ತಾನೆ. ಹೆಂಡತಿ ಹೊದಿಕೆಯ ಒಳಗಿಂದ ಹೇಳುತ್ತಾಳೆ: "ಆ ಗಾಡಿಯನ್ನು ಸ್ವಲ್ಪ ಆಚೆ ನಿಲ್ಲಿಸಿ."

ಆದರೆ ಡೋಜರಿನ ನಿಜವಾದ ರೋಗ ಎಂಜಿನಿನಲ್ಲಿಲ್ಲ, ಕಾಲಿನಲ್ಲಿದೆ. ಇಂಥ ಗಾಡಿಯ ರಿಪೇರಿ ಖರ್ಚಿನಲ್ಲಿ ಸುಮಾರು ಅರ್ಧವನ್ನು ಚೈನು, ಪಿನ್ನು, ಬುಶ್ಶು, ರೋಲರು, ಸ್ಪ್ರಾಕೆಟ್ಟುಗಳೇ ನುಂಗುತ್ತವೆ. ಚೈನು ಬಿಗಿಯಾದರೆ ಸವೆಯುತ್ತದೆ, ಸಡಿಲಾದರೆ ಕಳಚುತ್ತದೆ. ಬಿಗಿ ಮಾಡುವುದು ಸ್ಪ್ಯಾನರಿನಿಂದಲ್ಲ, ಗ್ರೀಸಿನಿಂದ. ಗನ್ನಿನಲ್ಲಿ ಗ್ರೀಸ್ ಒತ್ತಿದರೆ ಮುಂದಿನ ಚಕ್ರ ಮುಂದೆ ಸರಿಯುತ್ತದೆ. ಮೇಲ್ಗಡೆಯ ಚೈನು ಎರಡು ಮೂರು ಸೆಂಟಿಮೀಟರು ಜೋಲುತ್ತಿದ್ದರೆ ಸರಿ. ಹಾಗೆ ಜೋತ ಚೈನನ್ನು ಕೆಳಗೆ ಬೀಳದಂತೆ ಹೊತ್ತು ನಿಲ್ಲುವ ಪುಟ್ಟ ಚಕ್ರಕ್ಕೆ ಕ್ಯಾರಿಯರ್ ರೋಲರ್ ಎಂದು ಹೆಸರು. ಒಂದು ಮಾರ್ಚ್‌ನಲ್ಲಿ ಅದು ತಿರುಗುವುದನ್ನು ನಿಲ್ಲಿಸಿತು.

ಯಜಮಾನ ಒಂದು ಶುಕ್ರವಾರ ಶಾರ್ಜಾದ ಹಳೇ ಸಾಮಾನಿನ ಅಂಗಳಗಳಲ್ಲಿ ಅಲೆದು, ಜಪಾನಿನದ್ದೇ ಒಂದು ರೋಲರ್ ಹುಡುಕಿದ. ಮನೆಗೆ ತಂದು, ತೊಳೆದು, ಊಟದ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿದ. ಬೆಣ್ಣೆಯ ಹಾಗೆ ತಿರುಗಿತು. ಬಚ್ಚಲಿನ ತಕ್ಕಡಿಯಲ್ಲಿ 22 ಕಿಲೋ. ವಿಮಾನದ ಮಿತಿ 30. ಸೂಟ್‌ಕೇಸಿನಿಂದ ಖರ್ಜೂರ, ಹಾಲಿನ ಪುಡಿ, ನೋವಿನ ಮುಲಾಮು, ಅತ್ತೆಗೆಂದು ಇಟ್ಟಿದ್ದ ಕಂಬಳಿ ಒಂದೊಂದಾಗಿ ಇಳಿದವು. ಕೊನೆಗೆ ಒಳಗೆ ಉಳಿದದ್ದು ರೋಲರ್, ಅದು ಉರುಳದಂತೆ ಎರಡು ಲುಂಗಿ.

ಊರ ಕಡೆಯ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಎಕ್ಸ್‌ರೇ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಪರದೆಯ ಮೇಲೆ ಎರಡು ಲುಂಗಿಯ ನಡುವೆ ಅಮಾವಾಸ್ಯೆಯಂಥ ಕಪ್ಪು ಉಂಡೆ.

"ಇದೆಂತದು?"

"ಕ್ಯಾರಿಯರ್, ಸಾರ್."

ದುಬೈಯಿಂದ ಇಳಿದವನು ಆ ಮೇಜಿನ ಎದುರು ಹೇಳಬಾರದ ಪದವೊಂದಿದ್ದರೆ ಅದು ಇದೇ. ಮನೆಯವರಿಗೆ ಕ್ಯಾರಿಯರ್ ಎಂದರೆ ಊಟದ ಡಬ್ಬಿ. ಡೋಜರಿನವರಿಗೆ ಚೈನು ಹೊರುವ ಚಕ್ರ. ಕಸ್ಟಮ್ಸಿನವರಿಗೆ, ಬೇರೆಯವರ ಚಿನ್ನ ಹೊತ್ತು ತರುವವನು. ಅಧಿಕಾರಿಯ ಪೆನ್ನು ಕಿಸೆಯಿಂದ ಹೊರಗೆ ಬಂತು.

"ಯಾರ ಕ್ಯಾರಿಯರ್?"

"ಬುಲ್ಡೋಜರಿನದ್ದು, ಸಾರ್."

ಅಧಿಕಾರಿ ಅದನ್ನು ಒಂದು ಕೈಯಲ್ಲಿ ಎತ್ತಲು ನೋಡಿದರು. ಎರಡು ಕೈ ಹಾಕಿದರು. ಇನ್ನೊಬ್ಬರನ್ನು ಕರೆದರು. ಇಬ್ಬರೂ ಅದರ ಎರಡು ತುದಿಗೆ ಕಿವಿಯಿಟ್ಟು ಅಲ್ಲಾಡಿಸಿದರು. ಒಳಗಿಂದ ಗುಳುಗುಳು ಸದ್ದು.

"ಒಳಗೆ ಏನಿದೆ?"

"ಎಣ್ಣೆ."

ಕನ್ನಡದಲ್ಲಿ ಆ ಪದಕ್ಕೆ ಒಂದು ಸಂಜೆಯ ಅರ್ಥವಿದೆ ಎಂಬುದು ಬಾಯಿ ಮುಚ್ಚಿದ ಮೇಲೆ ಹೊಳೆಯಿತು.

"ಯಾವ ಬ್ರಾಂಡು?"

"ಮೂವತ್ತನೇ ಗ್ರೇಡು."

ಹಿಂದೆ ಸಾಲು ಬೆಳೆಯಿತು. ಎರಡು ಕಂಬಳಿ ತಂದಿದ್ದ ಒಬ್ಬರು ಅಮ್ಮ, "ಪಾಪ, ಮಗುವಿನ ಆಟದ್ದಾ?" ಎಂದು ಕೇಳಿದರು. ಅಷ್ಟರಲ್ಲಿ ಯಜಮಾನನಿಗೆ ಭಯ ಹೋಗಿ ಉತ್ಸಾಹ ಬಂದಿತ್ತು. ಅವನ ಜಾತಕದ ದೋಷವೇ ಅದು. ಕೇಳದಿದ್ದರೂ ವಿವರಿಸಿದ: ಒಳಗೆ ಒಂದು ಲೋಟದಷ್ಟು ಎಣ್ಣೆ ಇರುತ್ತದೆ, ಒಂದಕ್ಕೊಂದು ಉಜ್ಜಿಕೊಂಡೇ ಕೂತಿರುವ ಎರಡು ಉಕ್ಕಿನ ಉಂಗುರಗಳು ಎಣ್ಣೆ ಹೊರಬಾರದಂತೆ, ಕೆಸರು ಒಳಹೋಗದಂತೆ ಕಾಯುತ್ತವೆ, ಸೀಲು ಹೋಯಿತೋ, ರೋಲರ್ ಹೋಯಿತು. "ಬೇಕಾದರೆ ತಿರುಗಿಸಿ ನೋಡಿ ಸಾರ್, ಚೂರೂ ಆಟ ಇಲ್ಲ." ಅಧಿಕಾರಿ ತಿರುಗಿಸಿದರು. ಇನ್ನೊಬ್ಬರೂ ತಿರುಗಿಸಿದರು. ಅಮ್ಮನೂ ಕೈ ಚಾಚಿ ಒಂದು ಸುತ್ತು ತಿರುಗಿಸಿ, "ಹೌದು, ಲಾಯ್ಕುಂಟು" ಎಂದು ಸರ್ಟಿಫಿಕೇಟು ಕೊಟ್ಟರು.

ಮುಕ್ಕಾಲು ಗಂಟೆಯ ಬಳಿಕ ಅದು ಚಿನ್ನವಲ್ಲ, ಕಬ್ಬಿಣ ಎಂದು ಇತ್ಯರ್ಥವಾಯಿತು. ಬಿಡುವ ಮೊದಲು ಅಧಿಕಾರಿ ನಿಜವಾದ ಕುತೂಹಲದಿಂದಲೇ ಕೊನೆಯ ಪ್ರಶ್ನೆ ಕೇಳಿದರು: "ಅಲ್ಲ ಮಾರಾಯ್ರೆ, ಗಾಡಿ ಬೆಮೆಲ್‌ದು ಅಂತೀರಿ. ಇದು ಬೆಂಗಳೂರಲ್ಲೇ ಸಿಗ್ತದಲ್ಲ?"

ಸಿಗುತ್ತದೆ. ಫೋನ್ ಮಾಡಿದರೆ ಬಸ್ಸಿನಲ್ಲಿ ಹಾಕಿ ಕಳಿಸುತ್ತಾರೆ. ಈ ಒಂದು ಪ್ರಶ್ನೆಗೆ ಮಾತ್ರ ಯಜಮಾನನ ಬಳಿ ಯಾವ ಕಾಗದವೂ ಇರಲಿಲ್ಲ.

ರೋಲರ್ ಕೂರಿಸಲು ಅಣ್ಣಾಚಿಗೆ ಅರ್ಧ ದಿನ ಸಾಕಾಯಿತು. ಗಾಡಿ ನಡೆಯಿತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: "ಜೆಸಿಬಿ ತರಿಸಿದ್ದರೆ ಮುಗಿಯುತ್ತಿತ್ತು." ಊರಲ್ಲಿ ಮಣ್ಣು ಮುಟ್ಟುವ ಹಳದಿ ಯಂತ್ರವೆಲ್ಲ ಜೆಸಿಬಿ, ಚೈನಿದ್ದರೆ ಹಿಟಾಚಿ. ಜೋಸೆಫ್ ಸಿರಿಲ್ ಬಾಮ್‌ಫೋರ್ಡ್ ಎಂಬ ಇಂಗ್ಲೆಂಡಿನವನು 1945ರಲ್ಲಿ ಶುರು ಮಾಡಿದ ಕಂಪನಿಯ ಹೆಸರು ನಮ್ಮ ಕಡೆ ಕ್ರಿಯಾಪದವೇ ಆಗಿಬಿಟ್ಟಿದೆ: "ಆ ಬರೆಯನ್ನು ಜೆಸಿಬಿ ಮಾಡಿಸಿದೆವು." ಹೀಗೆ ಉಪದೇಶ ಮಾಡಿದ ಬಾವನೇ ಮರುವಾರ ಬಂದು, "ಒಂದು ಗಂಟೆಗೆ ನಿನ್ನ ಡೋಜರ್ ಕೊಡು, ಡೀಸೆಲ್ ನನ್ನದು" ಎಂದ. ಒಂದು ಗಂಟೆ ಮೂರು ದಿನವಾಯಿತು. ಗಂಟೆಗೆ ಹತ್ತು ಲೀಟರಿಗೆ ಕಡಿಮೆ ಕುಡಿಯದ ಗಾಡಿ ಅದು. ಡೀಸೆಲಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಯಜಮಾನ ಮಾತ್ರ ಇಲ್ಲಿ ಎತ್ತುತ್ತಿದ್ದಾನೆ, ಬಾವ ಇದನ್ನು ಓದುತ್ತಾನೆಂಬ ಭರವಸೆಯಿಂದ.

ಬಾವನ ಡೀಸೆಲಿಗಿಂತ ದೊಡ್ಡ ಲೆಕ್ಕವೊಂದಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ, ಮದೆನಾಡಿನಲ್ಲಿ, ಮಡಿಕೇರಿಯ ಸುತ್ತ ಗುಡ್ಡಗಳು ಮನೆಗಳ ಮೇಲೆ ಜಾರಿ ಬಂದವು. ಸಂಪಾಜೆ ಘಾಟಿಯ ರಸ್ತೆ ಕಡಿದುಹೋಯಿತು. ಯಜಮಾನ ಮುರಕ್ಕಬಾತಿನಲ್ಲಿ ಕೂತು ಆ ವಿಡಿಯೋಗಳನ್ನು ನೋಡಿದ. ಕೆಂಪು ಮಣ್ಣು, ಬುಡಮೇಲಾದ ಕಾಫಿ ಗಿಡ, ಮಾಡು ಮಾತ್ರ ಕಾಣುವ ಮನೆ. ಆಮೇಲೆ ಬಂದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮಳೆಯ ಜೊತೆಗೆ, ರಸ್ತೆಗೂ ಮನೆಗೂ ಇಳಿಜಾರು ಕಡಿದದ್ದನ್ನೂ ಕಾರಣವೆಂದು ಬರೆದರು. ಹಿಂದಿನ ಬೇಸಿಗೆಯಲ್ಲಷ್ಟೇ ಅವನ ಡೋಜರ್ ಮನೆಯ ಹಿಂದಿನ ಗುಡ್ಡದ ಬುಡ ತರಿದು ಅಂದವಾದ ಒಂದು ತಟ್ಟು ಮಾಡಿತ್ತು. ಅದರ ಫೋಟೋವನ್ನು ಆಫೀಸಿನಲ್ಲೆಲ್ಲ ತೋರಿಸಿದ್ದ. ಆ ರಾತ್ರಿ ಅಣ್ಣಾಚಿಯ ವಾಯ್ಸ್ ಮೆಸೇಜಿನಲ್ಲಿ ಎಂಜಿನ್ ಇರಲಿಲ್ಲ. ಮಳೆಯ ಸದ್ದು, ನಡುವೆ ಅವರ ಮಾತು: "ಹಿಂದಿನ ಗುಡ್ಡ ನಿಂತಿದೆ. ನೀರು ತಟ್ಟಿನಲ್ಲಿ ನಿಲ್ತಾ ಇದೆ. ನಾನು ಹಾರೆ ಹಿಡಿದು ಕಣಿ ಬಿಡಿಸ್ತೇನೆ." ಹನ್ನೆರಡು ಟನ್ ಮಾಡಿದ್ದನ್ನು ಅಂದು ಕಾಪಾಡಿದ್ದು ಒಂದು ಹಾರೆ.

ಈಗ ಆ ತಟ್ಟಿನ ಅಂಚಿಗೆ ಬಿದಿರು, ಲಾವಂಚ ನೆಟ್ಟಿದ್ದಾರೆ. ಗುಡ್ಡದ ಬುಡಕ್ಕೆ ಬ್ಲೇಡು ಹಾಕುವುದಿಲ್ಲ. ಗಾಡಿಗೆ ಉಳಿದ ಕೆಲಸ ಕೆರೆಯ ಹೂಳು ದೂಡುವುದು, ಬಿದ್ದ ಅಕೇಶಿಯಾ ದಿಮ್ಮಿ ಎಳೆಯುವುದು, ಮಳೆಗಾಲ ಮುಗಿದ ಮೇಲೆ ತೋಟದ ದಾರಿ ಸರಿಮಾಡುವುದು. ಕಳೆದ ವರ್ಷ ಗಂಟೆ ಮೀಟರು ಓಡಿದ್ದು 46 ಗಂಟೆ. ಅಷ್ಟೂ ಗಂಟೆಯ ಸದ್ದು ಮುರಕ್ಕಬಾತಿನ ಫೋನಿನಲ್ಲಿ ತಾರೀಕಿನ ಸಮೇತ ಉಂಟು.

ಸದ್ಯ ಎಡಗಡೆಯ ಚೈನು ಬಿಗಿ ಮಾಡುವ ಸಿಲಿಂಡರು ಗ್ರೀಸ್ ಸೋರುತ್ತಿದೆ. ಬೇಕಾದ ಸಾಮಾನು ತಂದು, ಲುಂಗಿಯಲ್ಲಿ ಸುತ್ತಿ ಇಟ್ಟಾಗಿದೆ. ಒಟ್ಟು ಆರು ಕಿಲೋ. ಎಣ್ಣೆ ಇಲ್ಲ, ಕ್ಯಾರಿಯರೂ ಅಲ್ಲ. ಮುಂದಿನ ತಿಂಗಳೊಳಗೆ ದುಬೈಯಿಂದ ಮಂಗಳೂರಿಗೆ ಹೊರಟವರ ಸೂಟ್‌ಕೇಸಿನಲ್ಲಿ ಅಷ್ಟು ಜಾಗ ಉಳಿದಿದ್ದರೆ ದಯವಿಟ್ಟು ತಿಳಿಸಿ. ಬೆಂಗಳೂರಲ್ಲೇ ಸಿಗುತ್ತದಲ್ಲ ಎಂದು ಮಾತ್ರ ಕೇಳಬೇಡಿ.