ತಲಬಾಗಿಲಿಗೆ ಬಣ್ಣ

ಮನೆಗೆಲಸಗಳಲ್ಲಿ ತಲಬಾಗಿಲಿಗೆ ಬಣ್ಣ ಹಚ್ಚುವುದು ಅತಿ ಸಣ್ಣದು. ಅತಿ ಹೆಚ್ಚು ಮಂದಿ ಕೈ ಹಾಕುವುದೂ ಅದಕ್ಕೇ. ಅಫಜಲಪುರ ತಾಲ್ಲೂಕಿನ ಕರಜಗಿಯ ಸುತ್ತ ಇದಕ್ಕೆ ಎರಡು ಕಾಲ: ದೀಪಾವಳಿಯ ಹಿಂದಿನ ವಾರ, ಇಲ್ಲವೆ ಮನೆಯಲ್ಲಿ ಮದುವೆ ಗೊತ್ತಾದಾಗ. ಏಳಡಿ ಎತ್ತರ, ಮೂರೂವರೆ ಅಡಿ ಅಗಲದ ಕದದ ಎರಡೂ ಮೈಗೆ ಎರಡು ಕೈ ಹೊಡೆಯಲು ಒಂದು ಲೀಟರ್ ಎನಾಮಲ್ ಸಾಕು. ಇಷ್ಟಕ್ಕೆ ಕೂಲಿ ಕೊಡುವುದೇಕೆ ಎಂದು ಯಜಮಾನನಿಗೆ ಹೊಳೆದಲ್ಲಿಂದ ಕೆಲಸ ಶುರು. "ನಾಳಿ ಬರ್ತೀನ್ರಿ" ಎಂದ ಪೇಂಟರ್, ಯಾವ ನಾಳೆ ಎಂಬುದನ್ನು ಹೇಳದೆ ಆ ಯೋಚನೆಗೆ ಮೊದಲೇ ಬಲ ಕೊಟ್ಟಿರುತ್ತಾನೆ.

ಬಣ್ಣದ ಆಯ್ಕೆಯಲ್ಲಿ ಹೇಳುವಂಥದ್ದೇನಿಲ್ಲ. ಯಜಮಾನ ಹಸಿರು ಎನ್ನುತ್ತಾನೆ, ಮಕ್ಕಳು ನೀಲಿ ಎನ್ನುತ್ತವೆ, ಮನೆಯಾಕೆ ಚಾಕಲೇಟ್ ಬಣ್ಣ ಎನ್ನುತ್ತಾಳೆ. ಬಾಗಿಲು ಚಾಕಲೇಟ್ ಬಣ್ಣದ್ದಾಗುತ್ತದೆ.

ಮೊದಲು ಹಳೆಯ ಬಣ್ಣ ಕೆರೆಯಬೇಕು. ಇಲ್ಲಿ ನಗೆಯನ್ನು ಸ್ವಲ್ಪ ಬದಿಗಿಡುವುದು ಒಳ್ಳೆಯದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಹಸಿರು, ಹಳದಿ ಪದರಗಳಲ್ಲಿ ಎಷ್ಟು ಸೀಸವಿದೆಯೋ ನೋಡಿದವರಿಲ್ಲ. ಒಣ ಪಾಲಿಶ್ ಪೇಪರಿನಿಂದ ತಿಕ್ಕಿದರೆ ಆ ಧೂಳು ಕಟ್ಟೆಯ ಮೇಲೆ ಬೀಳುತ್ತದೆ, ಅಂಬೆಗಾಲಿಡುವ ಕೂಸಿನ ಕೈಗೆ ಹತ್ತುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ; ಹಾಳಾಗುವುದು ಕೂಸಿನ ಬುದ್ಧಿಯ ಬೆಳವಣಿಗೆ. ನೀರು ಹಾಕಿಯೇ ತಿಕ್ಕಬೇಕು, ಮಕ್ಕಳನ್ನು ದೂರ ಕಳಿಸಬೇಕು. "ನಮ್ಮ ಕಾಲದಾಗ ಇವೆಲ್ಲಾ ಇದ್ವೇನು?" ಎಂದು ಕೇಳುವ ಹಿರಿಯರು ಪ್ರತಿ ಓಣಿಯಲ್ಲೂ ಇದ್ದಾರೆ. ಇದ್ದವು, ಅಳೆಯುವವರಿರಲಿಲ್ಲ.

ತೂತುಗಳಿಗೆ ಪುಟ್ಟಿ, ಮೇಲೊಂದು ಕೈ ಪ್ರೈಮರ್, ಆಮೇಲೆ ಬಣ್ಣ. ಬಣ್ಣ ಒಣಗುವುದು ಹಗ್ಗದ ಮೇಲಿನ ಅಂಗಿ ಒಣಗಿದಂತಲ್ಲ. ಟರ್ಪೆಂಟೈನ್ ಹಾರಿಹೋದ ಮೇಲೂ ಅದರೊಳಗಿನ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ಅಗಸಿ, ಕುಸುಬಿ ಎರಡರ ಎಣ್ಣೆಗೂ ಈ ಗುಣವಿದೆ. ಎರೆ ಹೊಲದಲ್ಲಿ ಬೆಳೆದು, ಹಿಂಡಿಯಾಗಿ ರೊಟ್ಟಿಯ ಪಕ್ಕ ಕೂರುವ ಅಗಸಿಯೇ ಯುರೋಪಿನ ಚಿತ್ರಕಾರರ ಬಣ್ಣಗಳನ್ನೂ ಶತಮಾನಗಳಿಂದ ಹಿಡಿದು ನಿಲ್ಲಿಸಿದೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಒಣಗುವ ಕಾವಿಗೇ ಹೊತ್ತಿಕೊಂಡೀತು, ಹರಡಿ ಹಾಕಬೇಕು. ಬೇಸಿಗೆಯ ಮದುವೆಗೆಂದು 40 ಡಿಗ್ರಿ ದಾಟಿದ ಬಿಸಿಲಲ್ಲಿ ಹಚ್ಚಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ.

ಎನಾಮಲ್ ಮೇಲ್ಮೈ ಒಣಗಲು ಕೆಲವು ತಾಸು ಬೇಕು, ಗಟ್ಟಿಯಾಗಲು ಇಡೀ ರಾತ್ರಿ. ಈ ಅವಧಿಯಲ್ಲಿ ನಡೆಯುವುದು ಬೆರಳಿನ ಪರೀಕ್ಷೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "ಬಣ್ಣ ಹಸಿ ಇದೆ, ಮುಟ್ಟಬೇಡಿ" ಎಂದು ಬರೆದಿಟ್ಟರೆ, ಓದು ಬಂದವರು ಅದು ನಿಜವೇ ಎಂದು ಮುಟ್ಟಿ ನೋಡುತ್ತಾರೆ. ಓದು ಬಾರದವರು ಏನು ಬರೆದಿದೆ ಎಂದು ಕೇಳಿ ತಿಳಿದುಕೊಂಡು ಮುಟ್ಟುತ್ತಾರೆ. ಎದುರು ಮನೆಯ ಕಾಕಾ "ಒಣಗ್ಯಾದೇನ್ರಿ?" ಎನ್ನುತ್ತಲೇ ತೋರುಬೆರಳನ್ನು ಕದದ ನಟ್ಟನಡುವೆ ಒತ್ತುತ್ತಾರೆ. ಮೂಲೆಯಲ್ಲಿ ಒತ್ತಬಹುದಿತ್ತು, ಮೂಲೆಯ ಫಲಿತಾಂಶದಲ್ಲಿ ಅವರಿಗೆ ನಂಬಿಕೆಯಿಲ್ಲ. "ಇನ್ನಾ ಹಸಿ ಅದ" ಎಂದು ತೀರ್ಪಿತ್ತು ಬೆರಳನ್ನು ಚೌಕಟ್ಟಿಗೆ ಒರೆಸುತ್ತಾರೆ. ಚೌಕಟ್ಟಿಗೂ ಬಣ್ಣ ಹಚ್ಚಿದೆ ಎಂಬುದು ಆಗ ಗೊತ್ತಾಗುತ್ತದೆ. ಹೆಬ್ಬೆರಳಿನಿಂದ ಅದನ್ನೂ ಖಾತ್ರಿ ಮಾಡಿಕೊಳ್ಳುತ್ತಾರೆ. ಆಯಿ "ನನಗ ಕಣ್ಣು ಕಾಣಂಗಿಲ್ಲಪ್ಪಾ" ಎಂದು ಇಡೀ ಅಂಗೈಯನ್ನೇ ಊರುತ್ತಾಳೆ. ಆಡು ಬಂದು ಮೈ ತಿಕ್ಕುತ್ತದೆ. ಅದಕ್ಕೆ ಅನುಮಾನವಿಲ್ಲ, ತುರಿಕೆಯಿದೆ. ನಡುವೆ ಕಬ್ಬಿನ ಟ್ರ್ಯಾಕ್ಟರ್ ಹಾದು, ಉಳಿದ ಜಾಗಕ್ಕೆ ಧೂಳು ಹಂಚಿ ಹೋಗುತ್ತದೆ. ಎಲ್ಲರೂ ಮಲಗಿದ ಮೇಲೆ ಯಜಮಾನ ಬ್ಯಾಟರಿ ಹಿಡಿದು ಬರುತ್ತಾನೆ. ದಿನವಿಡೀ ಮಂದಿಯನ್ನು ಬೈದ ಇವನದೇ ಅತಿ ದೀರ್ಘ ಪರೀಕ್ಷೆ. ಒಂದು ಕಡೆ ಒಣಗಿದ್ದರೆ ಇನ್ನೊಂದು ಕಡೆ ಒತ್ತುತ್ತಾನೆ, ಹಸಿ ಸಿಗುವ ತನಕ.

ಹಸಿ ಕದ ಮುಚ್ಚಿದರೆ ಚೌಕಟ್ಟಿಗೆ ಅಂಟಿ, ಬೆಳಿಗ್ಗೆ ಒದ್ದು ತೆಗೆಯಬೇಕಾಗುತ್ತದೆ. ಆದ್ದರಿಂದ ರಾತ್ರಿ ಬಾಗಿಲು ತೆರೆದಿಟ್ಟು, ಅಡ್ಡಲಾಗಿ ಹೊರಸು ಹಾಕಿ ಒಬ್ಬರು ಮಲಗುವುದು ರೂಢಿ.

ಕೊನೆಯದು ಹೊಸ್ತಿಲು. ದಿನಾ ಅರಿಶಿಣ ಬಳಿಯುವ ಬದಲು ಹಳದಿ ಎನಾಮಲ್ ಹೊಡೆದು, ಅದರ ಮೇಲೆ ಕೆಂಪು-ಬಿಳಿ ರಂಗೋಲಿ ಬರೆದುಬಿಡುವುದು ಈಗ ಸಾಮಾನ್ಯ. ಹೊಸ್ತಿಲು ತುಳಿಯಬಾರದೆಂಬ ಕಟ್ಟಳೆ ಇರುವುದರಿಂದ, ಇಡೀ ಬಾಗಿಲಿನಲ್ಲಿ ನೆಮ್ಮದಿಯಾಗಿ ಒಣಗುವ ಭಾಗ ಅದೊಂದೇ.

ಮೊದಲ ಕೈಯ ಮೇಲಿನ ಬೆರಳ ಗುರುತು ಪಾಲಿಶ್ ಪೇಪರಿನಿಂದ ತಿಕ್ಕಿದರೆ ಹೋಗುತ್ತದೆ. ಎರಡನೆಯ ಕೈಯ ಮೇಲಿನದು ಮನೆಯ ಮುಂದಿನ ಮದುವೆಯ ತನಕ ಉಳಿಯುತ್ತದೆ.